ಉಳಿಸಿದ ಹದಿನಾರು ಓಡಾಟ

ಸೋಮವಾರ, ಮಾರ್ಚ್ 9
ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು

ಕೈಗವಸು ದೊರೆಗೆ,

ಹೆಂಡತಿಯ ನಮಸ್ಕಾರ. ಹೆಂಡತಿ ಅಂತ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಆರು ವರ್ಷದಲ್ಲಿ ನೀನೂ ಬೇಡ ಅನ್ನಲಿಲ್ಲ, ನಾನೂ ಬಿಟ್ಟೆ ಅನ್ನಲಿಲ್ಲ. ಹಾಗಾಗಿ ಚಾಲ್ತಿಯಲ್ಲಿದೆ ಅಂತಲೇ ಇಟ್ಟುಕೊಂಡಿದ್ದೇನೆ.

ಇದು ಕೆಲಸದ ಪತ್ರ. ಲಕೋಟೆ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ ಅನ್ನಬಾರದು ಅಂತ ಮೊದಲೇ ಹೇಳಿಬಿಡುತ್ತೇನೆ. ಯಾರೂ ಹಾಸಿಗೆ ಹಿಡಿದಿಲ್ಲ. ನಿನ್ನ ಕೂಸಿನ ವಿಚಾರ, ಅಷ್ಟೇ. ಹನ್ನೊಂದು ತಿಂಗಳು ಧೂಳಿಲ್ಲದ ಕೋಣೆಯಲ್ಲಿ ಕೂತು ಅಂಟು ಹಾಕಿ, ಕೂದಲಿಗಿಂತ ತೆಳ್ಳಗಿನ ತಂತಿ ಬೆಸೆದು, ದೂರದರ್ಶಕದೊಳಗೆ ಮಲಗಿಸಿ ಬಾಹ್ಯಾಕಾಶಕ್ಕೆ ಕಳಿಸಿದೆಯಲ್ಲ, ಆ ಎಕ್ಸ್-ರೇ ಸೆನ್ಸರು. ಆಫೀಸಿನಲ್ಲಿ ಈಗಲೂ ಎಲ್ಲರೂ ಕೂಸು ಅಂತಲೇ ಕರೆಯುತ್ತಾರೆ. ಹೆಸರಿಟ್ಟವನು ಯಾರು ಅಂತ ಹೊಸಬರಿಗೆ ಗೊತ್ತಿಲ್ಲ.

ಸಮಿತಿಗೆ ಹೊಸ ಅಧ್ಯಕ್ಷೆ ಬಂದಿದ್ದಾರೆ. ಏನಾಗಿದೆ ಇದಕ್ಕೆ, ಸರಳವಾಗಿ ಹೇಳಿ ಅಂದರು. ಸಾವಿರ ಸಾಲು ಬಟ್ಟಲು ಇವೆ ಅಂದುಕೊಳ್ಳಿ ಮೇಡಂ ಅಂದೆ. ಎಕ್ಸ್-ರೇ ಬಿದ್ದ ಬಟ್ಟಲಲ್ಲಿ ಚೂರು ವಿದ್ಯುತ್ತು ಸೇರುತ್ತೆ. ಅದನ್ನು ಬಟ್ಟಲಿಂದ ಬಟ್ಟಲಿಗೆ ಸುರಿದುಕೊಂಡು ಅಂಚಿಗೆ ತಂದು ಅಳೆಯಬೇಕು. ಪ್ರೋಟಾನಿನ ಪೆಟ್ಟು ತಿಂದ ಬಟ್ಟಲಿನ ತಳದಲ್ಲಿ ಗುಳಿ ಬಿದ್ದಿದೆ. ಸುರಿದಾಗಲೆಲ್ಲ ಒಂದು ಹನಿ ಅಲ್ಲೇ ಉಳಿದು, ಎಲ್ಲ ಮುಗಿದ ಮೇಲೆ ನಿಧಾನಕ್ಕೆ ಈಚೆ ಬರುತ್ತೆ. ದೂರದ ಸಾಲಿಂದ ಹೊರಟದ್ದು ಅಂಚು ಮುಟ್ಟುವ ಹೊತ್ತಿಗೆ ಸೊರಗಿ ಕಡ್ಡಿಯಾಗಿರುತ್ತೆ. ಅವರು ಕನ್ನಡಕ ತೆಗೆದು, ನೀವು ಎಲ್ಲಿ ಓದಿದ್ದು ಅಂತ ಕೇಳಿದರು. ರೇಡಿಯೋ ರಿಪೇರಿ ಅಂಗಡಿಯ ಕೌಂಟರ್ ಹಿಂದೆ ಅಂದೆ. ತಮಾಷೆ ಅಂದುಕೊಂಡು ನಕ್ಕರು.

ಈಗಿನ ತಕರಾರು ಇದು. ಕೂಸು ಮೈನಸ್ ನೂರಾ ಇಪ್ಪತ್ತರ ಚಳಿಯಲ್ಲಿ ಮಲಗಿದೆ. ಅದನ್ನು ಕೋಣೆಯ ಬಿಸಿಗೆ ತಂದು ಮತ್ತೆ ತಣ್ಣಗೆ ಮಾಡಿದರೆ ಗುಳಿ ಮುಚ್ಚಿಕೊಳ್ಳಬಹುದು ಅಂತ ಕೆಲವರ ವಾದ. ನೆಗಡಿಗೆ ಶಾಖ ಕೊಟ್ಟ ಹಾಗೆ. ಗುರುವಾರ ಹತ್ತೂವರೆಗೆ ಸಮಿತಿ ತೀರ್ಮಾನ ಮಾಡುತ್ತದೆ. ಬಿಸಿ ಮಾಡಿದರೆ ನಿನ್ನ ಅಂಟು ತಡೆಯುತ್ತದೋ ಇಲ್ಲವೋ ಹೇಳಬಲ್ಲವನು ನೀನೊಬ್ಬ. ಆದ್ದರಿಂದ ಖುದ್ದು ಬರಬೇಕು ಅಂತ ಕೋರಿಕೆ.

ಕೆಲಸದ ಮಾತು ಮುಗಿಯಿತು. ಹಾಳೆ ಇನ್ನೂ ಉಳಿದಿದೆ. ಹಾಳೆ ಖಾಲಿ ಬಿಡುವುದು ನನ್ನ ಜಾಯಮಾನವಲ್ಲ, ನಿನಗೆ ಗೊತ್ತು.

ಆ ಮೀಟಿಂಗು ನೆನಪಿದೆಯಾ ಅಂತ ಕೇಳುವುದೇ ತಪ್ಪು. ದೂರದರ್ಶಕ ಭೂಮಿ ಸುತ್ತುವಾಗ ಎರಡೂವರೆ ದಿನಕ್ಕೊಮ್ಮೆ ಪ್ರೋಟಾನ್ ತುಂಬಿದ ವಲಯದೊಳಗೆ ಹಾಯಲೇಬೇಕು. ಹಾಯುವಾಗ ಕೂಸನ್ನು ಕನ್ನಡಿಯ ಎದುರಿಂದ ಸರಿಸಿ ಗೋಡೆಯ ಮರೆಗೆ ಇಡೋಣ ಅಂದೆ ನೀನು. ಕೂಸಿನ ಕರೆಂಟು ಆರಿಸಿದರೆ ಸಾಲದೇ ಅಂತ ಯಾರೋ ಅಂದರು. ಕನ್ನಡಿ ಅಷ್ಟು ನುಣುಪಾಗಿದ್ದರೆ ಎಕ್ಸ್-ರೇ ಒಂದೇ ಯಾಕೆ, ಪ್ರೋಟಾನೂ ಜಾರಿಕೊಂಡು ಬಂದು ಅಲ್ಲೇ ಬೀಳುತ್ತೆ ಅಂದೆ ನೀನು. ಆಗ ನಾನು ಮೋಟರಿನ ಪಟ್ಟಿ ತೆಗೆದೆ. ಸರಿಸುವ ಮೋಟರಿಗೆ ಗ್ಯಾರಂಟಿ ಇದ್ದದ್ದು ಮೂರು ಸಾವಿರ ಓಡಾಟಕ್ಕೆ. ಪ್ರತಿ ಸಲ ಹೋಗಲೊಂದು, ಬರಲೊಂದು. ಹೀಗೆ ಓಡಾಡಿಸಿದರೆ ಹತ್ತು ವರ್ಷಕ್ಕೆ ಸವೆದು ಕೂರುತ್ತೆ, ಹೆದರಿಕೆಗೆಲ್ಲ ಮೋಟರು ಸವೆಸೋಕಾಗಲ್ಲ ಅಂದೆ. ಎಲ್ಲರೂ ತಲೆ ಆಡಿಸಿದರು. ನನ್ನ ಪಟ್ಟಿಯ ಮುಂದೆ ನಿನ್ನ ಅನುಮಾನ ನಿಲ್ಲಲಿಲ್ಲ.

ಎಂಟು ಸಲ ಮರೆಯಿಲ್ಲದೆ ಹಾದುಹೋಯಿತು. ಹದಿನಾರು ಓಡಾಟ ಉಳಿಸಿದೆ. ಎಂಟನೆಯದಾದ ಮೇಲೆ ಬಂದ ಚಿತ್ರ ಪೂರ್ತಿ ಮಸುಕಾಗಿತ್ತು.

ಅಂದಿನಿಂದ ಪ್ರತಿ ಸಲವೂ ಮರೆಗೆ ಸರಿಸುತ್ತಿದ್ದೇವೆ. ಮೋಟರಿನ ಲೆಕ್ಕ ನಿನ್ನೆಗೆ ಎರಡು ಸಾವಿರದ ಇಪ್ಪತ್ತಾರು. ಬೆಣ್ಣೆಯ ಹಾಗೆ ಓಡುತ್ತಿದೆ, ಹಾಳಾದ್ದು.

ಕೂಸು ಕೆಟ್ಟದ್ದಕ್ಕೆ ಆಗ ನಡೆದ ವಿಚಾರಣೆಯಲ್ಲಿ, ಮರೆಗಿಡುವ ಮಾತು ಯಾರಾದರೂ ಎತ್ತಿದ್ದರೇ ಅಂತ ಕೇಳಿದರು. ನಡಾವಳಿ ಬರೆದವಳು ನಾನು. ಅದರಲ್ಲಿ ಮೋಟರಿನ ಲೆಕ್ಕ ಇತ್ತು, ನಿನ್ನ ಮಾತು ಇರಲಿಲ್ಲ. ಬರೆಯುವಾಗ ಬೇಕಂತ ಬಿಟ್ಟದ್ದಲ್ಲ; ಒಪ್ಪದ ಮಾತನ್ನು ಯಾಕೆ ಬರೆಯುವುದು ಅಂತ ಹಾರಿಸಿದ್ದೆ. ಆದರೆ ವಿಚಾರಣೆಯ ದಿನ ಬಾಯಿ ಬಿಡದೆ ಕೂತದ್ದು ಬೇಕಂತಲೇ. ನೀನು ನನ್ನ ಮುಖ ನೋಡಿದೆ. ನಾನು ಪೆನ್ನಿನ ಕ್ಯಾಪು ನೋಡಿದೆ. ಕೂಸಿನ ಉಸ್ತುವಾರಿ ಕಾಗದದಲ್ಲಿ ನಿನ್ನ ಸಹಿ ಇತ್ತು, ಪೆಟ್ಟು ನಿನ್ನ ಮೇಲೆ ಬಿತ್ತು. ಮನೆಗೆ ಬಂದು ನೀನು ಬೈದಿದ್ದರೆ ವಾದಕ್ಕೆ ನನ್ನ ಹತ್ತಿರ ಮೂಟೆಗಟ್ಟಲೆ ಮಾತಿತ್ತು. ನೀನು ಟೀ ಕೇಳಿದೆ. ಕುಡಿದು ಕಪ್ ತೊಳೆದಿಟ್ಟೆ. ತಿಂಗಳೊಳಗೆ ನೀನೀಗಿರುವ ಊರಿನ ಆಸ್ಪತ್ರೆಯ ಎಕ್ಸ್-ರೇ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಹೊರಟುಬಿಟ್ಟೆ.

ಮನೆಯಲ್ಲಿ ಎಲ್ಲ ಹಾಗೇ ಇದೆ. ಡಬ್ಬಿ ಮುಚ್ಚುವಾಗ ಮುಚ್ಚಳವನ್ನು ಮೊದಲು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಕಟ್ ಅಂದಮೇಲೆ ಮುಂದಕ್ಕೆ ತಿರುಗಿಸಬೇಕು ಅಂತ ನೀನು ಪ್ರಾಣ ತಿನ್ನುತ್ತಿದ್ದೆಯಲ್ಲ. ಈಗ ನಾನೂ ಹಾಗೇ ಮಾಡುತ್ತೇನೆ. ಸಕ್ಕರೆ ಡಬ್ಬಿ ಎದುರು ನಿಂತು ಆ ಕಟ್ ಶಬ್ದಕ್ಕೆ ಕಿವಿ ಕೊಡುವ ಹೆಂಗಸನ್ನು ಯಾರಾದರೂ ನೋಡಿದರೆ ತಲೆ ಕೆಟ್ಟಿದೆ ಅಂದಾರು. ನಿನ್ನ ಡ್ರಾಯರಿನಲ್ಲಿ ಕೈಗವಸು ಇಪ್ಪತ್ತಮೂರು ಜೊತೆ, ಮೇಲೊಂದು ಒಂಟಿ ಎಡಗೈಯದು. ಬಲಗೈಯದು ನಿನ್ನ ಹತ್ತಿರ ಇದೆ ಅಂತ ನಾನು ತೀರ್ಮಾನಿಸಿದ್ದೇನೆ. ಇಲ್ಲದಿದ್ದರೆ ಇಲ್ಲ ಅನ್ನಬೇಡ.

ಕೂಸಿನ ಪಕ್ಕ ನೀನು ಕೂರಿಸಿದ್ದ ವಿಕಿರಣ ಸೂಸುವ ಕಬ್ಬಿಣದ ಚೂರು ನೆನಪಿರಬೇಕು. ಪೆಟ್ಟು ಎಷ್ಟು ಅಂತ ಅಳೆಯುವುದು ಈಗಲೂ ಅದರ ಬೆಳಕಿನಲ್ಲೇ. ಆ ಬೆಳಕು ಸರಿಸುಮಾರು ಮೂರು ವರ್ಷಕ್ಕೆ ಅರ್ಧವಾಗುತ್ತಾ ಬಂದಿದೆ. ಮೊದಲು ಒಂದು ಗಂಟೆಯಲ್ಲಿ ಸಿಗುತ್ತಿದ್ದ ಅಳತೆಗೆ ಈಗ ಆರು ಗಂಟೆ ಕಾಯಬೇಕು. ಹೊಸಬರಿಗೆ ಬೇಜಾರು. ನಾನು ಕಾಯುತ್ತೇನೆ. ನೀನಿಟ್ಟ ದೀಪ ಮಂಕಾದಷ್ಟೂ ನಾನು ಅದರ ಮುಂದೆ ಹೆಚ್ಚು ಹೊತ್ತು ಕೂರುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಗುರುವಾರ ಬಾ. ಒಂಬತ್ತೂಕಾಲರ ಬಸ್ಸು ನಮ್ಮ ಗೇಟಿನ ಮುಂದೆಯೇ ನಿಲ್ಲುತ್ತದೆ.

ಇಂತಿ,
ನೀನೇ ಹೆಸರಿಟ್ಟ
ಪಟ್ಟಿಯಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಅಂಟಿನ ಉತ್ತರ ನನಗೆ ಗೊತ್ತು. ಹೋಗುವ ಮುಂಚಿನ ವಾರ ನೀನು ಕೂಸಿನ ತಮ್ಮನಿಗೆ, ಕಪಾಟಿನಲ್ಲಿದ್ದ ಆ ಇನ್ನೊಂದು ಸೆನ್ಸರಿಗೆ, ಅಷ್ಟೇ ಪ್ರೋಟಾನ್ ಹೊಡೆಸಿ ಬಿಸಿ ಮಾಡಿ ನೋಡಿದ್ದೆ. ಪೆಟ್ಟಿಗೆಯ ಮುಚ್ಚಳದೊಳಗೆ ನಿನ್ನ ಅಕ್ಷರದಲ್ಲಿ ಬರೆದಿದೆ: "ಅಂಟು ತಡೆಯುತ್ತೆ. ಗಾಯ ಹೆಚ್ಚುತ್ತೆ. ಬಿಸಿ ಮಾಡಬೇಡಿ." ಅಷ್ಟೆಲ್ಲ ಆದಮೇಲೂ ಇದನ್ನು ಬರೆದಿಟ್ಟು ಹೋದೆಯಲ್ಲ ಮಾರಾಯ. ಹೋದ ಶುಕ್ರವಾರವೇ ಸಮಿತಿಗೆ ತೋರಿಸಿದೆ, ಬಿಸಿ ಮಾಡುವ ಮಾತು ಅಲ್ಲಿಗೇ ನಿಂತಿತು. ಅದೇ ಮೇಜಿನ ಮುಂದೆ ನಡಾವಳಿಯಲ್ಲಿ ಬಿಟ್ಟಿದ್ದ ನಿನ್ನ ಮಾತನ್ನೂ ಓದಿ ಸೇರಿಸಿದೆ. ಅದಕ್ಕೆ ಶಿಕ್ಷೆಯಾಗಿ, ಇಷ್ಟು ದಿನ ನಾನು ಬರೆಯುತ್ತಿದ್ದ ಕೂಸಿನ ಲಾಗ್ ಪುಸ್ತಕವನ್ನು ನಾಡಿದ್ದು ಬುಧವಾರ ಬೇರೆಯವರಿಗೆ ಒಪ್ಪಿಸಬೇಕು. ಅದು ಸರಿಯೇ.

ಗುರುವಾರ ಯಾವ ಸಮಿತಿಯೂ ಇಲ್ಲ. ಗೇಟಿನ ಹತ್ತಿರ ನಾನೊಬ್ಬಳು ಇರುತ್ತೇನೆ. ಇನ್ನೊಂದು ಸುಳ್ಳು ಕಾಗದದಲ್ಲಿ ನಿನ್ನನ್ನು ಸಿಕ್ಕಿಸಬಾರದು ಅಂತ ಇಷ್ಟು ಬರೆದೆ. ಆದರೂ ಬಾ.