ಬಾಗಿಲು ಕಳಚಿಟ್ಟ ಬೀದಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ಮಂಡಿ ನೋವು ಇಳಿಯಿತೇ? ತಣ್ಣನೆಯ ನೆಲದ ಮೇಲೆ ಮಲಗಬೇಡಿ ಎಂದರೆ ಇಲ್ಲಿ ಮಂಚವೇನು ಹಾಕಿಸಿಟ್ಟಿದ್ದಾರೆಯೇ ಎಂದು ನಗುತ್ತೀರಿ. ಹಾಗಾದರೆ ಕಂಬಳಿಯನ್ನು ಹೊದೆಯುವ ಬದಲು ಹಾಸಿಕೊಳ್ಳಿ. ಈ ಕಾಗದವನ್ನು ನಿಮಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಹೋದ ಕಾಗದದಲ್ಲಿ ಅವರು ಕಪ್ಪು ಮಸಿ ಬಳಿದ ಸಾಲುಗಳಲ್ಲಿ ಇದ್ದದ್ದು ನಿಮ್ಮ ಹೊಟ್ಟೆ ಕಟ್ಟಿದ್ದಕ್ಕೆ ಮದ್ದು. ಅದರಿಂದ ದೇಶದ ಭದ್ರತೆಗೆ ಏನು ಅಪಾಯ ಬಂದಿತ್ತೋ ನಾನರಿಯೆ. ಈ ಸಲ ಧೈರ್ಯ ಮಾಡಿ ಮತ್ತೆ ಬರೆಯುತ್ತೇನೆ: ಬೆಳಗ್ಗೆ ಎದ್ದ ಕೂಡಲೇ ಎರಡು ಲೋಟ ನೀರು. ಬಿಸಿ ಸಿಕ್ಕರೆ ಬಿಸಿ, ಇಲ್ಲದಿದ್ದರೆ ತಣ್ಣೀರಾದರೂ ಸರಿ.

ಭೇಟಿಯ ದಿನ ಕಂಬಿಯ ಆಚೆಯಿಂದ ನೀವು ಕೇಳಿದ್ದನ್ನು ಮರೆತಿಲ್ಲ. ಮೊದಲ ಕಲ್ಲು ಎಸೆದದ್ದು ನಮ್ಮ ಬೀದಿಯವರೇ ಎಂಬ ಹೇಳಿಕೆಗೆ ಸಹಿ ಹಾಕಿದರೆ ಬಿಟ್ಟುಬಿಡುತ್ತಾರಂತೆ, ಹಾಕಲೋ ಬೇಡವೋ ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಹೊತ್ತಾಯಿತೆಂದು ನಮ್ಮನ್ನು ಎಬ್ಬಿಸಿದರು. ಎಬ್ಬಿಸಿದ್ದು ಒಳ್ಳೆಯದೇ ಆಯಿತು, ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇದೆ. ಆದರೆ ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲೇ ಬರೆದರೆ ನೀವು ಅಷ್ಟನ್ನೇ ಓದಿ ಉಳಿದದ್ದನ್ನು ಮಡಿಸಿ ಜೇಬಿಗಿಡುವ ಪೈಕಿ.

ನಮ್ಮ ಬೀದಿಯಲ್ಲಿ ಈಗ ಒಂದು ಮನೆಗೂ ಬಾಗಿಲಿಲ್ಲ. ಗಾಬರಿಯಾಗಬೇಡಿ, ಯಾರೂ ಒಡೆದದ್ದಲ್ಲ, ನಾವೇ ಕಳಚಿದ್ದು. ತೆರವಿನ ನೋಟಿಸನ್ನು ಪ್ರತಿ ಮನೆಯ ಮುಂಬಾಗಿಲಿಗೆ ಅಂಟಿಸಿ ಫೋಟೋ ತೆಗೆದ ಮೇಲೆಯೇ ಗಡುವು ಶುರುವಾಗುವುದು ಎಂಬ ನಿಯಮವನ್ನು ನಾನು ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳುತ್ತಿದ್ದೆ. ಎದುರುಮನೆ ಅಜ್ಜಿ, ತೂಕಡಿಸುತ್ತಿದ್ದಾರೆ ಎಂದುಕೊಂಡರೆ, ಕಣ್ಣು ಮುಚ್ಚಿಕೊಂಡೇ, ‘ಬಾಗಿಲಿಗೆ ತಾನೆ ಅಂಟಿಸೋದು? ಬಾಗಿಲೇ ಇಲ್ದಿದ್ರೆ?’ ಎಂದರು. ಅಷ್ಟೇ ನೋಡಿ. ಸಂಜೆಯೊಳಗೆ ಬೀದಿಯವರೆಲ್ಲ ಸೇರಿ ಕೀಲುಗಳ ಸ್ಕ್ರೂ ಬಿಚ್ಚಿ ಬಾಗಿಲುಗಳನ್ನೆಲ್ಲ ನಿಮ್ಮ ಮರಗೆಲಸದ ಕೋಣೆಯಲ್ಲಿ ಒರಗಿಸಿದರು. ಮಾರನೇ ದಿನ ನೋಟಿಸು ಅಂಟಿಸಲು ಬಂದ ಪುರಸಭೆಯ ಗುಮಾಸ್ತನ ಮುಖ ನೀವು ನೋಡಬೇಕಿತ್ತು. ‘ಅಜ್ಜೀ, ಬಾಗಿಲಿನ ಫೋಟೋ ಹಾಕ್ದೆ ಈ ಫೋನು ಮುಂದಕ್ಕೇ ಹೋಗಲ್ಲ, ಒಂದಾದ್ರೂ ತೋರಿಸಿ’ ಎಂದು ಗೋಗರೆದ. ಅಜ್ಜಿ, ‘ಎಲ್ಲಾ ರಿಪೇರಿಗೆ ಹೋಗಿವೆ ಮಗಾ. ಬಡಗಿ ನಿಮ್ಮ ಸಾಹೇಬರ ಹತ್ರಾನೇ ಇದ್ದಾನೆ. ಬಿಟ್ಟು ಕಳಿಸು, ಹಾಕಿಸ್ತೀವಿ’ ಎಂದರು. ಪಾಪ, ಅಂಟಿನ ಡಬ್ಬಿ ಹಿಡಿದುಕೊಂಡು ವಾಪಸು ಹೋದ. ಇದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ, ನಿಯಮವನ್ನೇ ತಿದ್ದುವುದು ಅವರಿಗೆ ಎಷ್ಟು ಹೊತ್ತಿನ ಕೆಲಸ? ಆದರೂ ಬೀದಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕಿತು. ಬಾಗಿಲಿಲ್ಲದೆ ಬಾಳುವುದೂ ಒಂದು ಕಲೆ. ಬಂದವರು ಹೊಸ್ತಿಲ ಹೊರಗೆ ನಿಂತು ಬಾಯಲ್ಲೇ ‘ಟಕ್ ಟಕ್’ ಎನ್ನುತ್ತಾರೆ. ಯಾರ ಮನೆಯ ಸಾರು ಸೀದಿತು, ಯಾರ ಗಂಡ ಪಾತ್ರೆ ತೊಳೆಯುತ್ತಾನೆ, ಎಲ್ಲವೂ ಬಯಲು. ನೀವು ಮಾಡಿದ ಬಾಗಿಲುಗಳು ಅಕ್ಕತಂಗಿಯರ ಹಾಗೆ ಒಂದೇ ಮುಖದವು, ಎರಡು ಮನೆಯವರು ಒಂದನ್ನೇ ನಮ್ಮದು ನಮ್ಮದು ಎಂದು ಆಗಲೇ ಜಗಳವಾಡಿಕೊಂಡಿದ್ದಾರೆ.

ಮೂವತ್ತು ವರ್ಷ ಪುರಸಭೆಯ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ಜೋಡಿಸಿಟ್ಟವಳು ನಾನು. ನನಗೆ ಮರೆವೆಂಬ ಸುಖವಿಲ್ಲ. ನಮ್ಮನ್ನು ಎಬ್ಬಿಸಲು ಬಂದದ್ದು ಇದು ಮೂರನೇ ಸಲ. ಮೊದಲು ಅಗಲ ರಸ್ತೆಗೆಂದರು, ಆಮೇಲೆ ಮೈದಾನಕ್ಕೆಂದರು, ಈಗ ನದಿ ದಂಡೆಯ ಅಂದಕ್ಕೆ ಎನ್ನುತ್ತಾರೆ. ರಸ್ತೆ ಬರಲಿಲ್ಲ, ಮೈದಾನ ಬರಲಿಲ್ಲ. ಆಗ ಹಿಂದಿನ ಬೀದಿಯಿಂದ ಎದ್ದು ಹೋದವರು ಎಲ್ಲಿ ಸೇರಿದರೆಂದು ಯಾವ ಪತ್ರಿಕೆಯೂ ಒಂದು ಸಾಲು ಬರೆಯಲಿಲ್ಲ. ಹೋದ ಚುನಾವಣೆಯಲ್ಲಿ ನಮ್ಮ ಬೀದಿ ಸೋತವರಿಗೆ ಮತ ಹಾಕಿತು. ನಮ್ಮ ಮನೆಗಳು ನದಿಯ ಅಂದ ಕೆಡಿಸುತ್ತಿವೆ ಎಂಬುದು ಗೆದ್ದವರಿಗೆ ಮರುತಿಂಗಳೇ ಕಾಣಿಸಿತು. ಹಾಗೆ ಗೆದ್ದ ಶಾಸಕನೇ ಹಿಂದೊಮ್ಮೆ ನಮ್ಮ ಪಡಸಾಲೆಯಲ್ಲಿ ಕೂತು, ‘ಅಕ್ಕಾ, ನಿಮ್ಮನ್ನ ಇಲ್ಲಿಂದ ಎಬ್ಬಿಸೋ ಗಂಡು ಇನ್ನೂ ಹುಟ್ಟಿಲ್ಲ’ ಎಂದಿದ್ದ. ಹುಟ್ಟಿದ್ದ. ನಮ್ಮ ಮನೆ ಟೀ ಕುಡಿಯುತ್ತಿದ್ದ. ನಿಮ್ಮನ್ನು ಹಿಡಿದ ದಿನ, ನೋಟಿಸೂ ಕೊಡದೆ ತಂದ ಬುಲ್ಡೋಜರಿನ ಮುಂದೆ ದೊಣ್ಣೆ ಹಿಡಿದು ನಡೆದುಬಂದವರು ಅವನ ಹುಡುಗರೇ, ಪೊಲೀಸರು ಹಿಂದೆ ಕೈಕಟ್ಟಿ ಬಂದರು. ನೀವು ಮಾಡುತ್ತಿದ್ದ ಕೆಲಸದಿಂದ ಹಾಗೆಯೇ ಎದ್ದು ಹೋಗಿ ಅಡ್ಡ ನಿಂತಿರಿ, ಕೈಯಲ್ಲಿದ್ದ ಉಜ್ಜುಗೊರಡು ಮಾರಕಾಸ್ತ್ರವಾಯಿತು. ಮರ ನಯಮಾಡುವ ಸಾಧನ ಹಿಡಿದವನು ಒಳಗೆ, ಕಲ್ಲು ಹಿಡಿದವರು ಮೆರವಣಿಗೆಯಲ್ಲಿ.

ಅವತ್ತಿನ ಕಲ್ಲೇಟಿಗೆ ಎಡಗಣ್ಣು ಕಳೆದುಕೊಂಡ ನಮ್ಮ ದರ್ಜಿ ಆಸ್ಪತ್ರೆಯಿಂದ ಬಂದಿದ್ದಾನೆ. ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕರೆಯುತ್ತಾನೆ. ‘ಇಷ್ಟು ವರ್ಷ ಕೂಗಿದ್ರೂ ಬರದೇ ಇದ್ದವಳು ಈಗ ಓಡಿ ಬರ್ತಾಳೆ ಅತ್ತಿಗೆ, ಒಂದು ಕಣ್ಣಿಗೆ ಇಷ್ಟು ಸಿಕ್ಕಿದ್ದು ಲಾಭವೇ’ ಎಂದು ನನ್ನನ್ನೇ ನಗಿಸಿದ. ಏಳುವಾಗ ಮೆಲ್ಲಗೆ, ‘ಅಣ್ಣನಿಗೆ ಸಹಿ ಹಾಕಿ ಬಾ ಅಂತ ಬರೀರಿ. ಅವನು ಒಳಗೆ ಕೂತ್ರೆ ನನ್ನ ಕಣ್ಣು ವಾಪಸ್ ಬರುತ್ತಾ? ನಾನೇನೂ ಬೇಜಾರು ಮಾಡ್ಕೊಳಲ್ಲ’ ಎಂದ. ಒಂದಕ್ಷರ ಬಿಡದೆ ತಿಳಿಸುತ್ತೇನೆಂದು ಮಾತು ಕೊಟ್ಟಿದ್ದೆ, ತಿಳಿಸಿದ್ದೇನೆ. ನೀವು ಬರಲಿ ಎಂದು ನನಗಿಲ್ಲವೇ? ಹಾಸಿಗೆಯ ಮೇಲೆಲ್ಲ ಮರದ ಹೊಟ್ಟು ಉದುರಿಸುತ್ತೀರೆಂದು ಎಷ್ಟು ಬೈದಿದ್ದೇನೆ! ಈಗ ಹಾಸಿಗೆ ಕೊಡವಿದರೆ ಏನೂ ಉದುರುವುದಿಲ್ಲ, ಕೊಡವುವುದನ್ನೇ ಬಿಟ್ಟಿದ್ದೇನೆ.

ಎಲ್ಲರೂ ನೆನಪು ಹೇಳಿದ್ದಾರೆ. ಅಜ್ಜಿಯ ಆಶೀರ್ವಾದ ಎಂದಿನಂತೆ ಬೈಗುಳದ ಜೊತೆಗೇ ಬಂದಿದೆ, ಬೈಗುಳವನ್ನು ಸಾಹೇಬರ ಮರ್ಯಾದೆಗೆ ಬಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಯಾರ ಜೊತೆಗೂ ವಾದಕ್ಕಿಳಿಯಬೇಡಿ, ಅದಕ್ಕೆ ಮನೆಯಲ್ಲಿ ನಾನಿದ್ದೇನೆ.

ನಿಮ್ಮ,
ಪುಸ್ತಕದ ಹುಳ

ವಿ.ಸೂ.: ಅಂಚೆಯ ಹೊತ್ತಾಗಿದೆ, ಉತ್ತರವನ್ನೇ ಮುಂದೂಡುತ್ತ ಬಂದೆ. ಇವತ್ತು ಬೆಳಗ್ಗೆ ನ್ಯಾಯಾಧೀಶರ ಮುಂದೆ ಹೋಗಿ, ಅಡುಗೆಮನೆ ಕಿಟಕಿಯಿಂದ ಕಂಡದ್ದನ್ನೆಲ್ಲ ಹೇಳಿ ಬಂದೆ. ಮೊದಲ ಕಲ್ಲು ಬಂದದ್ದು ಅವರ ಕಡೆಯಿಂದ, ತಗುಲಿದ್ದು ದರ್ಜಿಯ ಕಣ್ಣಿಗೆ ಎಂದೆ. ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ. ಮುಂದಿನ ಭೇಟಿಗೆ ನನ್ನ ಬದಲು ನಿಮ್ಮ ತಂಗಿ ಬಂದರೆ ಹೆದರಬೇಡಿ. ಎರಡು ಜೊತೆ ಬಟ್ಟೆ, ಕನ್ನಡಕ, ಒಂದು ದಪ್ಪ ಪುಸ್ತಕ ಚೀಲಕ್ಕೆ ಹಾಕಿಟ್ಟಿದ್ದೇನೆ. ಸಹಿ ಹಾಕುವುದು ಬಿಡುವುದು ನಿಮ್ಮ ಇಷ್ಟ, ಹಾಕಿ ಬಂದರೂ ಬಿಸಿ ಅನ್ನ ಬಡಿಸುತ್ತೇನೆ. ಆದರೆ ಇನ್ನು ಆ ಹೇಳಿಕೆಗೆ ಸಹಿ ಹಾಕಿದರೆ ಹೆಂಡತಿ ಸುಳ್ಳು ಹೇಳಿದಳು ಎಂದ ಹಾಗೆ. ಮದುವೆಯಾದಾಗಿನಿಂದ ನನ್ನನ್ನು ಏನೇನೋ ಅಂದಿದ್ದೀರಿ. ಸುಳ್ಳಿ ಎಂದು ಮಾತ್ರ ಒಮ್ಮೆಯೂ ಅಂದಿಲ್ಲ.