ನಮ್ಮ ಬಾವಿಯ ನೀರು

ಹಾನುಬಾಳು
೮-೪-೨೦೦೩, ಮಂಗಳವಾರ

ನನ್ನ ಕಂದ ದಾಕ್ಷಿಗೆ,

ಅವ್ವನ ಆಶೀರ್ವಾದ. ಮೈಸೂರಿನಲ್ಲಿ ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಏಳನೇ ತಿಂಗಳಲ್ಲಿ ನನಗೂ ಹಾಗೇ ಆಗಿತ್ತು, ಹೆದರಬೇಡ. ಕೂತಾಗ ಕಾಲನ್ನು ಮಣೆಯ ಮೇಲಿಡು. ನಿನ್ನ ಅತ್ತೆ ಏನಾದರೂ ಅಂದರೆ ಅವ್ವ ಹೇಳಿದಳು ಅನ್ನು.

ಇಲ್ಲಿ ಮಳೆ ಇಲ್ಲ ಕಣೆ. ಎರಡು ವರ್ಷದಿಂದ ಇದೇ ಗೋಳು. ಈ ಸಲ ಹೂಮಳೆಯೂ ಬಾರದೆ ಕಾಫಿ ಮೊಗ್ಗು ಗಿಡದಲ್ಲೇ ಕಪ್ಪಾಗಿ ಉದುರುತ್ತಿದೆ. ಹಿತ್ತಲ ಬಾವಿಯ ತಳದಲ್ಲಿ ಮೊಣಕಾಲುದ್ದ ರಾಡಿ ಉಳಿದಿದೆ. ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ, ಮನೆಗೆ ಆರು ಕೊಡ. ನಿಮ್ಮಪ್ಪ ಮಾತ್ರ ಸೋಮವಾರದ ಮೊದಲ ಬಸ್ಸಿಗೇ ನಿನ್ನನ್ನು ಕರೆತರಲು ಹೊರಟಿದ್ದಾರೆ. ನೀರಿಲ್ಲ ಅಂದರೆ, "ಚೊಚ್ಚಲ ಬಾಣಂತನ ತವರಲ್ಲಿ ಮಾಡ್ದೆ ಇದ್ರೆ ಊರೋರು ಮಕಕ್ಕೆ ಉಗೀತಾರೆ ಕಣೆ, ನೀರು ನಾನು ಹೊತ್ತು ತರ್ತೀನಿ" ಅನ್ನುತ್ತಾರೆ. ಮಂಡಿನೋವಿಗೆ ಜಗಲಿ ಹತ್ತಲಾರದ ಭೂಪ ನೀರು ಹೊರುತ್ತಾರಂತೆ.

ನಿನ್ನ ಅತ್ತಿಗೆ ಶೀಲಾ ಈಗ ಹೆಚ್ಚು ಮಾತಾಡುವುದಿಲ್ಲ. ತಾಯಿಯಿಲ್ಲದ ಹುಡುಗಿ ಎಂದು ಅವಳ ಬಾಣಂತನವನ್ನು ನಾನೇ ಮಾಡಿದ್ದು ನಿನಗೆ ಗೊತ್ತಲ್ಲ. ದಿನಾ ಬೆಳಿಗ್ಗೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುತ್ತಾಳೆ. ಹಂಡೆಯಲ್ಲಿ ಒಂದು ತೊಟ್ಟು ನೀರಿರುವುದಿಲ್ಲ. ಹಂಡೆ ಸುಟ್ಟು ಹೋಗುತ್ತದೆ, ಆರಿಸವ್ವ ಅಂದರೆ, "ಹೊತ್ತಾಯ್ತು, ಕಾಯ್ಲಿ ಬುಡಿ ಅತ್ತೆ" ಅನ್ನುತ್ತಾಳೆ. ನನಗೂ ಬಾವಿಯ ರಾಟೆ ಕಿರುಗುಟ್ಟಿದ ಹಾಗೆ ಕೇಳುತ್ತದೆ. ಹೋಗಿ ನೋಡಿದರೆ ಹಗ್ಗ ಸುತ್ತಿಟ್ಟಲ್ಲೇ ಇರುತ್ತದೆ. ಹಿತ್ತಲಿಗೆ ಹೋಗಲು ಹೆದರಿಕೆಯಾಗುತ್ತದೆ ಕಂದ.

ಅಳಿಯಂದಿರಿಗೆ ಆಶೀರ್ವಾದ, ಬೀಗರಿಗೆ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಎಡಮಗ್ಗುಲಿಗೆ ಮಲಗು.

ನಿನ್ನ ಅವ್ವ,
ಪಾರ್ವತಮ್ಮ

ಮತ್ತೆ: ನಿಮ್ಮಪ್ಪ ಸ್ನಾನಕ್ಕೆ ಹೋದಾಗ ಇದನ್ನು ಬರೆಯುತ್ತಿದ್ದೇನೆ, ಅರ್ಧ ಚೊಂಬು ನೀರಿನ ಸ್ನಾನ, ಈಗ ಬಂದುಬಿಡುತ್ತಾರೆ. ಶೀಲಾಳ ಮಗು ಇಲ್ಲ ಕಣೆ. ಹೋಗಿ ಇಪ್ಪತ್ತು ದಿನವಾಯಿತು. ಬಸುರಿಗೆ ಸಾವಿನ ಸುದ್ದಿ ಹೇಳಬಾರದೆಂದು ಎಲ್ಲರೂ ಬಾಯಿ ಮುಚ್ಚಿಕೊಂಡೆವು. ಟ್ಯಾಂಕರ್ ನೀರು ಎಲ್ಲಿಯದೋ ಏನೋ, ನಿಮ್ಮನ್ನೆಲ್ಲ ಎರೆದು ಬೆಳೆಸಿದ ನಮ್ಮ ಬಾವಿಯ ನೀರೇ ವಾಸಿ ಎಂದು, ತಳದ ನೀರನ್ನು ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗೆ ಮಾಡಿ ಮಗುವಿಗೆ ಎರೆದವಳು ನಾನು. ವಾಡಿಕೆಯಂತೆ ಅದೇ ನೀರಲ್ಲಿ ಬೆರಳದ್ದಿ ಬಾಯಿಯನ್ನೂ ತೊಳೆದೆ. ಮೂರೇ ದಿನ ಭೇದಿಯಾಯಿತು. ಶೀಲಾ ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ. ನಿಮ್ಮಪ್ಪ ಬಂದರೆ ಅತ್ತೆ ಕಳಿಸುವುದಿಲ್ಲ ಅಂದುಬಿಡು, ಬೈಗುಳ ನಿನ್ನ ಅತ್ತೆಗೇ ಹೋಗಲಿ. ಬರಬೇಡ. ಬಂದರೆ ನಿನ್ನ ಮಗುವನ್ನೂ ಎರೆಯಲು ನನ್ನ ಕೈಗೇ ಕೊಡುತ್ತಾರೆ.