ಯಾಕೆ ಎಂಬ ಮಂತ್ರ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದವಳಿಗೆ ಮೊದಲು ಒಳ್ಳೆಯ ಸುದ್ದಿ: ನಿನ್ನ ಶನಿವಾರದ ಜಾದೂ ತರಗತಿ ಉಳಿಯಿತು. ಇನ್ನು ನಿಧಾನವಾಗಿ ಓದು.

ನಿನ್ನ ಬದಲು ಪೋಷಕರ ಸಭೆಗೆ ಹೊರಟಾಗಲೇ ನನಗೆ ಮೈ ಉರಿಯುತ್ತಿತ್ತು. ವಿಜ್ಞಾನದ ಟೀಚರಾದ ನೀನು ವಿನಿಗರ್ ಮತ್ತು ಸೋಡಾ ಪುಡಿಯಿಂದ ಬಲೂನು ಊದಿಸಿದರೆ ಅದು ಶಿಸ್ತಿಗೆ ಧಕ್ಕೆಯಂತೆ. ನಿಮ್ಮ ಹೆಡ್ ಮೇಡಂ ಕಳಿಸಿದ ನೋಟೀಸಿನಲ್ಲಿ ಹಾಗೇ ಇತ್ತು. ನಮ್ಮ ಶಾಲೆ ನೆನಪಿದೆಯಲ್ಲ? ಆಕಾಶ ಯಾಕೆ ನೀಲಿ ಅಂತ ಕೇಳಿದ್ದಕ್ಕೆ ಮೇಷ್ಟ್ರು ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಇಲ್ಲಿಂದ ಇನ್ನೂ ಚೆನ್ನಾಗಿ ಕಾಣುತ್ತೆ ಸಾರ್ ಅಂದು ನೀನು ಪೆಟ್ಟೂ ತಿಂದೆ. ನಾನು ಮರೆತಿಲ್ಲ. ಗ್ರಂಥಾಲಯದ ಕೆಲಸಕ್ಕೆ ಸೇರಿದ ದಿನ ಮೊದಲು ಹುಡುಕಿದ್ದು ಅದರ ಉತ್ತರವನ್ನೇ.

ಸಭೆಯಲ್ಲಿದ್ದ ದೂರೆಲ್ಲ ನಿನ್ನ ಮಂತ್ರದ ಮೇಲೆ. ಬೇರೆ ಜಾದೂಗಾರರು ಛೂ ಮಂತರ್ ಅಂದರೆ ಜನ ಬಾಯಿ ಬಿಟ್ಟು ನೋಡುತ್ತಾರೆ. ನಿನ್ನ ಜಾದೂ ಮುಂದೆ ಸಾಗಬೇಕಾದರೆ ಮಕ್ಕಳು 'ಯಾಕೆ' ಅನ್ನಬೇಕು. ಅದನ್ನವರು ಮನೆಗೂ ಹೊತ್ತುಕೊಂಡು ಹೋಗಿದ್ದಾರೆ. ಬಸ್ ಡ್ರೈವರ್ ಒಬ್ಬರು ಎದ್ದು, ಹಲ್ಲುಜ್ಜೇ ಅಂದ್ರೆ ಯಾಕೆ, ಮಲ್ಕೊಳ್ಳೇ ಅಂದ್ರೆ ಯಾಕೆ, ಉತ್ತರ ಗೊತ್ತಿಲ್ದೆ ಈಗ ನಂಗೇ ನಿದ್ದೆ ಬರ್ತಿಲ್ಲ ಮೇಡಂ ಅಂದರು. ಅವರ ಮಗಳು, ನೀನು ಚೂಟಿ ಅಂತ ಕರೆಯುವ ಎರಡು ಜಡೆಯವಳು, ಪಕ್ಕದಲ್ಲೇ ಕೂತು, ಯಾಕಪ್ಪಾ ಬರ್ತಿಲ್ಲ ಅಂದಳು. ಹೆಡ್ ಮೇಡಂ ಒಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು.

ತರಗತಿ ಇವತ್ತಿಗೇ ಬಂದ್ ಅಂದರು ಅವರು. ಹಾಗಾದ್ರೆ ಕೊನೇದಾಗಿ ಒಂದು ಜಾದೂ ಮಾಡಿಯೇ ಹೋಗ್ತೀನಿ ಅಂದೆ. ಗ್ಲಾಸಿನ ತುಂಬ ನೀರು, ಅದರ ಬಾಯಿಗೆ ಅವರದೇ ನೋಟೀಸು. ಅಂಗೈಯಿಂದ ಒತ್ತಿ ಹಿಡಿದು ತಲೆಕೆಳಗು ಮಾಡಿ, ಕುರ್ಚಿಯಲ್ಲಿ ಕೂತಿದ್ದ ಹೆಡ್ ಮೇಡಂ ಎದುರಿಗೇ ಹಿಡಿದು ಕೈ ತೆಗೆದೆ. ಆಮೇಲೆ ಹೆಡ್ ಮೇಡಂ, ತಮ್ಮ ಬಾಯಿಂದಲೇ, ಯಾಕೆ ಅಂದುಬಿಟ್ಟರು.

ಮಕ್ಕಳ ಕೂಗಿಗೆ ಕಿಟಕಿ ಗಾಜು ಅದುರಿತು. ಮಂತ್ರ ಹೇಳಿಯಾದ ಮೇಲೆ ಜಾದೂ ಮುಂದುವರಿಯಲೇಬೇಕಲ್ಲ. ಚೂಟಿ ಮುಂದೆ ಬಂದು, ಕೆಳಗಿರೋ ಗಾಳಿ ಮುಚ್ಚಳಾನ ಮೇಲಕ್ಕೆ ಒತ್ತುತ್ತೆ ಮೇಡಂ, ಕಣ್ಣಿಗೆ ಕಾಣಲ್ಲ, ಆದ್ರೆ ಭಾರಿ ಜೋರು ಅಂತ ವಿವರಿಸಿದಳು. ಹೆಡ್ ಮೇಡಂ ಬಾಯಿಂದ ಮತ್ತೆ ಯಾಕೆ ಬಂತು, ಈ ಸಲ ಮೆಲ್ಲಗೆ. ಮುಂದಿನ ಶನಿವಾರ ತಾವೂ ಬಂದು ಕೂರುತ್ತಾರಂತೆ. ಡ್ರೈವರ್ ನನ್ನ ಹತ್ತಿರ ಬಂದು, ದೊಡ್ಡೋರನ್ನೂ ಸೇರಿಸ್ಕೋತೀರಾ ಅಂತ ಪಿಸುಗುಟ್ಟಿದರು.

ಬೇಗ ಎದ್ದು ಓಡಾಡು. ಈ ಮಕ್ಕಳನ್ನು ನಿಭಾಯಿಸುವುದು ನನ್ನ ಕೈಲಾಗದು.

ನಿನ್ನ
ಜಗಳಗಂಟಿ ಅಕ್ಕ

ತಾ.ಕ.: ಹೇಗೂ ಚೂಟಿ ಹೇಳಿಬಿಡುತ್ತಾಳೆ, ನಾನೇ ಹೇಳುತ್ತೇನೆ. ಹೆಡ್ ಮೇಡಂ ಕೇಳಿದ್ದು ನೀರು ಯಾಕೆ ಬೀಳಲಿಲ್ಲ ಅಂತಲ್ಲ. ಸಿಟ್ಟಿನಲ್ಲಿ ಆ ನೋಟೀಸನ್ನು ಮಡಚಿ ಮಡಚಿ ಚೀಲಕ್ಕೆ ತುರುಕಿದ್ದೆ. ಮಡಿಕೆಯ ಗೆರೆಯಲ್ಲಿ ಗಾಳಿ ನುಗ್ಗಿ ಅಷ್ಟೂ ನೀರು ಅವರ ಮಡಿಲಿಗೆ ಬಿತ್ತು. ತೊಯ್ದು ಕೂತು, ನಿಮ್ಮ ತಂಗಿ ಮಾಡಿದ್ರೆ ಬೀಳಲ್ವಂತೆ, ನೀವು ಮಾಡಿದ್ರೆ ಯಾಕೆ ಅಂದರು. ಆಮೇಲೆ ರಟ್ಟು ಇಟ್ಟು, ಹನಿ ಬೀಳದಂತೆ ಮಾಡಿ ತೋರಿಸಿದವಳು ಚೂಟಿ.